ಕುಳಿರವ್ವನಿಗೆ ಎಷ್ಟು ಬಲ ಕೊಡಬೇಕು?

೧

ಹಿಮದಿಂದ ಶುರು ಮಾಡಲೇ? ಚಳಿಗಾಲದ ದೆವ್ವಗಳ ಕತೆ ಎಂದ ಮೇಲೆ ಒಂದಿಷ್ಟಾದರೂ ಹಿಮ ಇರಬೇಕು ಅನ್ನಿಸುತ್ತದೆ. ಆದರೆ ಈ ಕತೆ ನಡೆದದ್ದು ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನ ಸೊರಡಿಯಲ್ಲಿ. ಅಲ್ಲಿ ಮಳೆಯೇ ನೆಂಟರ ಹಾಗೆ ಬಂದು ಹೋಗುತ್ತದೆ. ಹಿಮವನ್ನು ನಾನು ಎಲ್ಲಿಂದ ತರಲಿ?

ಹಾಗಾದರೆ ಕುರಿಗಳಿಂದ? ಬೇಡ. ಕುರಿಗಳಿಂದ ಶುರುವಾದ ಕತೆಯಲ್ಲಿ ಕೊಳಲು ಬರುತ್ತದೆ, ಕೊಳಲು ಬಂದರೆ ಹುಡುಗಿ ಬರುತ್ತಾಳೆ, ಆಮೇಲೆ ನನ್ನ ಕೈಯಲ್ಲೇನೂ ಉಳಿಯುವುದಿಲ್ಲ.

ಆಸ್ಪತ್ರೆಯಿಂದ ಶುರು ಮಾಡುತ್ತೇನೆ. ಔಷಧದ ವಾಸನೆ ಆಗದವರು ಎರಡನೆಯ ಭಾಗವನ್ನು ಮೂಗು ಮುಚ್ಚಿಕೊಂಡು ಓದಬಹುದು.

೨ (ಹೊಡೆದು ಹಾಕಿದ ಡ್ರಾಫ್ಟು. ಮೊದಲ ವಾಕ್ಯದ ಮೇಲಿನ ಮೋಹದಿಂದ ಉಳಿಸಿಕೊಂಡಿದ್ದೇನೆ)

ಅಮಸಿದ್ದ ಕಣ್ಣು ಬಿಟ್ಟಾಗ ಪಕ್ಕದ ಕಾಟಿನ ಮೇಲೆ ಅರಿಸಿನ ಹಚ್ಚಿಸಿಕೊಂಡ ಮದುಮಗನೊಬ್ಬ ಮಲಗಿದ್ದ.

೨ (ಮತ್ತೊಮ್ಮೆ, ನೆಟ್ಟಗೆ)

ಅದು ಮಿರಜದ ಒಂದು ಆಸ್ಪತ್ರೆ, ೧೯೭೫ರ ಮಳೆಗಾಲ. ಸೊರಡಿಯ ಕುರುಬರ ಅಮಸಿದ್ದ ಬಂಡೆಯ ಬಿರುಕಿನಲ್ಲಿ ಸಿಕ್ಕಿದ ಮರಿಯನ್ನು ಎತ್ತಲು ಹೋಗಿ ಜಾರಿಬಿದ್ದು ತೊಡೆ ಮುರಿದುಕೊಂಡಿದ್ದ. ಮರಿ ಕುಣಿಯುತ್ತ ತಾಯಿಯ ಕಡೆ ಓಡಿತು, ಇವನು ಬಂಡಿಯಲ್ಲಿ ಮಲಗಿ ಮಿರಜಕ್ಕೆ ಬಂದ.

ಮದುಮಗನಂತೆ ಕಂಡವನು ಒಬ್ಬ ಅಮೆರಿಕದ ಹುಡುಗ. ಗೋವೆಗೆ ಹೊರಟವನಿಗೆ ದಾರಿಯಲ್ಲಿ ಕಾಮಾಲೆಯಾಗಿತ್ತು. ಕಣ್ಣು, ಮೈ, ಗಡ್ಡ ಎಲ್ಲವೂ ಹಳದಿ. ಇನ್ನೊಂದು ಬದಿಯ ಕಾಟಿನಲ್ಲಿದ್ದವನು ಡಫಳಾಪುರದ ಸಿದ್ರಾಮ. ಕಲ್ಲು ಒಡೆಯುವ ಕೆಲಸದಲ್ಲಿ ಭುಜ ಜಜ್ಜಿಕೊಂಡಿದ್ದ. ಮ್ಯಾಟ್ರಿಕ್‌ವರೆಗೆ ಓದಿದ್ದರಿಂದ ಇಂಗ್ಲಿಷನ್ನು ಮರಾಠಿಗೆ ತಂದು, ಅಲ್ಲಿಂದ ಕನ್ನಡಕ್ಕೆ ಇಳಿಸಿ ಅಮಸಿದ್ದನ ಮುಂದೆ ಇಡುತ್ತಿದ್ದ. ದಾರಿಯಲ್ಲಿ ಎಷ್ಟು ಚೆಲ್ಲಿತೋ ಯಾರಿಗೆ ಗೊತ್ತು.

ಬೇಸರ ಕಳೆಯಲು ಹಳದಿ ಹುಡುಗ ಒಂದು ಆಟ ತೆಗೆದ. ಅವನ ಊರಿನಲ್ಲಿ ಆಗಷ್ಟೇ ಶುರುವಾಗಿದ್ದ ಹೊಸ ಆಟ. (ಅದು ಅಷ್ಟು ಬೇಗ ಮಿರಜಕ್ಕೆ ಬರಲು ಸಾಧ್ಯವೇ ಎಂದು ಕೇಳುವವರು ಕೇಳಲಿ. ಕಾಮಾಲೆ ಬರಬಹುದಾದರೆ ಆಟ ಬರಬಾರದೇ?) ಒಬ್ಬ ಕತೆ ಹೇಳುತ್ತಾನೆ. ಉಳಿದವರು ಆ ಕತೆಯೊಳಗೆ ಒಬ್ಬೊಬ್ಬರಾಗಿ ಹೊಗುತ್ತಾರೆ. ಹೇಳುವವನು ಒಂದಿಷ್ಟು ಹೇಳಿ ನಿಲ್ಲಿಸಿ, "ಈಗ ನೀನೇನು ಮಾಡುತ್ತೀ?" ಎಂದು ಕೇಳುತ್ತಾನೆ. ಓಡುತ್ತೇನೆ ಅನ್ನಬಹುದು, ಹೊಡೆಯುತ್ತೇನೆ ಅನ್ನಬಹುದು, ಕೂತು ಅಳುತ್ತೇನೆ ಅಂತಲೂ ಅನ್ನಬಹುದು. ಕೈಗೂಡಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಎದುರಾಗುವ ರಾಕ್ಷಸರಿಗೆಲ್ಲ ಇಷ್ಟಿಷ್ಟು ಬಲ ಎಂದು ಮೊದಲೇ ಗೊತ್ತು ಮಾಡಿರುತ್ತಾರೆ.

ಹಳದಿ ಹುಡುಗನ ರಾಕ್ಷಸರೆಲ್ಲ ಅವನ ಅಜ್ಜಿ ಹೇಳಿದ ಚಳಿಗಾಲದ ಕತೆಗಳಿಂದ ಎದ್ದು ಬಂದವರು.

"ಇಂವಾ ಹಿಮದ ರಾಕ್ಷಸ ಅಂತ," ಸಿದ್ರಾಮ ಹೇಳಿದ. "ಉಸರ ಬಿಟ್ರ ಸಾಕು, ಮನಶ್ಯಾ ಬರ್ಫ ಆಗಿಬಿಡ್ತಾನಂತ."

"ಬರ್ಫ ಅಂದ್ರ ಮಿರಜ ಸ್ಟೇಶನ್ನಿನ್ಯಾಗ ಮೀನಿನ ಬುಟ್ಟಿ ಮ್ಯಾಲ ಸುರೀತಾರಲ್ಲ, ಅದ?"

"ಹೂಂ, ಅದ."

"ಅದಕ್ಕ ಯಾಂವ ಅಂಜತಾನೋ? ನೆಕ್ಕಾಕ ಬರ್ತೈತಿ."

"ಇನ್ನೊಬ್ಬಾಂವ ಅದಾನ. ಮೈ ತುಂಬ ಕೂದಲಾ, ತಲಿ ಮ್ಯಾಲ ಕೋಡಾ. ಬುಟ್ಟಿ ಹೊತ್ಕೊಂಡು ಬಂದು ಹುಡುಗರ್ನ ಒಯ್ತಾನಂತ."

ಅಮಸಿದ್ದ ಬೆರಳು ಮಡಿಸಿ ಎಣಿಸಿದ. "ಕೋಡು, ಕೂದಲಾ... ಟಗರ ಇರಬೇಕು ಬಿಡೊ. ನಮ್ಮನ್ಯಾಗ ಭಾಳ ಅದಾವು."

ಇದನ್ನು ಕೇಳಿ ಹಳದಿ ಹುಡುಗ ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕು ಸುಧಾರಿಸಿಕೊಂಡು, ನಿಮ್ಮ ಕಡೆ ಚಳಿಗಾಲದಲ್ಲಿ ಏನು ಬರುತ್ತದೆ ಎಂದು ಕೇಳಿದ.

ಅಮಸಿದ್ದನಿಗೆ ಆಗ ಉತ್ತರ ಹೊಳೆಯಲಿಲ್ಲ. ಕುರುಬನಿಗೆ ಚಳಿಗಾಲ ಎಂದರೆ ನಡಿಗೆ. ಕುರಿ ಹೊಡೆದುಕೊಂಡು ಕೃಷ್ಣೆಯ ಕಡೆ ಇಳಿಯುವುದು, ರಾತ್ರಿ ಅವರಿವರ ಹೊಲದಲ್ಲಿ ಹಿಂಡು ತರುಬಿ ನಿಲ್ಲಿಸುವುದು, ಬಯಲಲ್ಲೇ ಕಂಬಳಿ ಹೊದ್ದು ಮಲಗುವುದು. ಏನು ಬರುತ್ತದೆ ಎಂದು ಅವನು ಯಾವತ್ತೂ ಲೆಕ್ಕ ಹಾಕಿರಲಿಲ್ಲ. ಮುರಿದ ಎಲುಬು ನೆಟ್ಟಗಾಗಲೆಂದು ಕಾಲಿಗೆ ತೂಕದ ಕಲ್ಲು ಕಟ್ಟಿಸಿಕೊಂಡು ಮಲಗಿದವನಿಗೆ ಈಗ ಯೋಚಿಸಲು ಬೇಕಾದಷ್ಟು ಹೊತ್ತಿತ್ತು.

೩

ಬಂದವು. ಒಂದೊಂದಾಗಿ.

ಮೊದಲನೆಯವನು ಇಬ್ಬನಿಗಣ್ಣ. ನಸುಕಿನಲ್ಲಿ ಜೋಳದ ತೆನೆಗಳ ಮೇಲೆ ಕೂತಿರುತ್ತಾನೆ. ಹನಿ ಹನಿಗೂ ಅವನದೇ ಒಂದೊಂದು ಕಣ್ಣು. ನೋಡಿದವನು ತನ್ನ ಊರಿನ ದಾರಿ ಮರೆಯುತ್ತಾನೆ. ಬಿಸಿಲೇರಿದರೆ ಇವನಿಲ್ಲ.

ಎರಡನೆಯದು ತೋಳಗಾಳಿ. ಅದಕ್ಕೆ ಮೈ ಇಲ್ಲ, ಹೆಜ್ಜೆ ಮಾತ್ರ ಉಂಟು. ಅದು ಬಂದಾಗ ಮಲಗಿದ ಕುರಿಗಳೆಲ್ಲ ಒಮ್ಮೆಲೇ ಎದ್ದು ಒಂದೇ ದಿಕ್ಕಿಗೆ ಮುಖ ಮಾಡಿ ನಿಲ್ಲುತ್ತವೆ. ನಾಯಿ ಬೊಗಳುವುದಿಲ್ಲ.

ಮೂರನೆಯವಳು ಕುಳಿರವ್ವ. ಕುಳಿರು ಅಂದರೆ ಚಳಿ. ಇವಳನ್ನು ಅಮಸಿದ್ದ ಹುಡುಕಬೇಕಾಗಲಿಲ್ಲ, ತಾಯಿ ಯಮನವ್ವನ ಬಾಯಲ್ಲಿ ಇದ್ದಳು. ಬಿಳಿ ಕೂದಲು, ಬರಿಗಾಲು. ಒಲೆ ಆರಿದ ಮನೆ ಹುಡುಕಿಕೊಂಡು ಬರುತ್ತಾಳೆ. ಬೂದಿಯ ಮುಂದೆ ಕೂತು ಕೈ ಕಾಯಿಸಿಕೊಳ್ಳಲು ನೋಡುತ್ತಾಳೆ. ಬಿಸಿ ಸಿಗದಿದ್ದರೆ ಮನೆಯಲ್ಲಿ ಬೆಚ್ಚಗಿರುವುದು ಏನಿದೆಯೋ ಅದನ್ನು ಎತ್ತಿಕೊಂಡು ಹೋಗುತ್ತಾಳೆ. ಮರಿ ಇದ್ದರೆ ಮರಿ, ಕೂಸು ಇದ್ದರೆ ಕೂಸು.

(ಈ ಮೂವರನ್ನು ನಿಘಂಟಿನಲ್ಲಿ ಹುಡುಕಬೇಡಿ. ನಾನು ಹುಡುಕಿ ಸೋತಿದ್ದೇನೆ.)

ಕಾಲು ಕೂಡಿತು, ಆದರೆ ಗಿಡ್ಡಾಯಿತು. ದೀಪಾವಳಿಯ ಹೊತ್ತಿಗೆ ಅಮಸಿದ್ದ ಬಡಿಗೆ ಊರಿಕೊಂಡು ಸೊರಡಿಗೆ ಬಂದ. ಅಣ್ಣತಮ್ಮಂದಿರು ಕುರಿ ಹೊಡೆದುಕೊಂಡು ಇಳಿದುಹೋದರು. ಹುಟ್ಟಿದಾಗಿನಿಂದ ಮೊದಲ ಸಲ ಅವನು ಚಳಿಗಾಲದಲ್ಲಿ ಮನೆಯಲ್ಲಿ ಉಳಿದ.

೪

ಚಳಿಗಾಲದ ಮುಂಜಾನೆ ಊರಿನ ಕೆಲಸವಿಲ್ಲದ ಗಂಡಸರೆಲ್ಲ ಬೀರದೇವರ ಗುಡಿಯ ಹಿಂದಿನ ಗೋಡೆಗೆ ಬೆನ್ನು ಕೊಟ್ಟು ಬಿಸಿಲು ಕಾಯುತ್ತಾರೆ. ಆಟ ಶುರುವಾದದ್ದು ಅಲ್ಲಿ, ಹೇಳುವವನು ಅಮಸಿದ್ದ. ನೆಲಕ್ಕೆ ಹಾಸಿದ ಕಂಬಳಿಯೇ ಸೀಮೆ. ಅದರ ಸುಕ್ಕುಗಳೇ ಗುಡ್ಡ, ಹಳ್ಳ. ಮನುಷ್ಯರಿಗೆ ಹರಳು, ತೋಳಗಳಿಗೆ ಕುರಿ ಹಿಕ್ಕೆ. ದಾಳದ ಬದಲು ಆರು ಕವಡೆ.

ಮೊದಲು ಕೂತವನು ಭರಮಣ್ಣ ಕಾಕಾ. ಒಂದು ಕಾಲದಲ್ಲಿ ದೊಡ್ಡ ಹಿಂಡಿನ ಒಡೆಯ, ಈಗ ದೊಡ್ಡ ಮೀಸೆಯ ಒಡೆಯ. ಎದುರು ಏನೇ ಬರಲಿ, ಅವನ ಉತ್ತರ ಒಂದೇ: "ಕೊಡಲಿ ತಗೊಂಡ ಹೊಡೀತೀನಿ." ಇಬ್ಬನಿಗಣ್ಣನನ್ನೂ ಕೊಡಲಿಯಿಂದ ಹೊಡೆದ, ಗಾಳಿಯನ್ನೂ ಹೊಡೆದ.

(ಇಲ್ಲಿ ಭರಮಣ್ಣ ಕಾಕಾ ನನ್ನ ಮೇಲೆ ಸಿಟ್ಟಾಗಿದ್ದಾನೆ. "ಏ ಬರಿಯಾಂವ, ನನ್ನ ನಗೀಗೀಡ ಮಾಡಬ್ಯಾಡ. ತೋಳ ಬಂದಾಗ ಖರೇನ ಕೊಡಲಿ ತಗೊಂಡು ನಿಂತಾಂವ ನಾನು." ಖರೆ, ಕಾಕಾ. ಬೆನ್ನ ಮೇಲಿನ ಗಾಯದ ಗುರುತನ್ನೂ ಬರೆಯುತ್ತೇನೆ. ಬರೆದೆ.)

ಸೊರಡಿಯ ಹತ್ತಿರ ಆಗ ಸರಕಾರದ ಕೆರೆ ಕೆಲಸ ನಡೆದಿತ್ತು. ಸಿದ್ರಾಮ ಭುಜ ವಾಸಿಯಾಗಿ ಆ ಕೆಲಸಕ್ಕೇ ಬಂದ. ರಜೆಯ ಮುಂಜಾನೆ ಗೆಳೆಯನನ್ನು ಹುಡುಕಿಕೊಂಡು ಗುಡಿಯ ಹಿಂದೆ ಬಂದಾಗ ಕಂಬಳಿಯ ಸುತ್ತ ಕೂತಿದ್ದವರು ಸ್ವಲ್ಪ ಸರಿದು ಕೂತರು. ಜಾಗ ಮಾಡಲು ಸರಿದದ್ದಲ್ಲ. ಅವನು ಬೌದ್ಧರ ಪೈಕಿ, ಅಂದರೆ ಊರಾಚೆಯ ಕೇರಿಯವನು ಎಂದು ಎಲ್ಲರಿಗೂ ಗೊತ್ತಿತ್ತು. ಸಿದ್ರಾಮ ಇಂಥದನ್ನು ಕಂಡವನೇ. ದೂರದ ಕಲ್ಲಿನ ಮೇಲೆ ಕೂತ.

"ಅಲ್ಲಿಂದ ಕವಡಿ ಹ್ಯಾಂಗ ಒಗೀತಿಯೋ?" ಎಂದ ಅಮಸಿದ್ದ. "ಈ ಆಟ ನನಗ ಕಲಿಸಿದಾಂವ ನೀ. ಬಾ ಇಲ್ಲಿ."

ಸಿದ್ರಾಮ ಬಂದು ಕಂಬಳಿಯ ಅಂಚಿಗೆ ಕೂತ. ಒಬ್ಬಿಬ್ಬರು ಎದ್ದು ಹೋದರು. ಭರಮಣ್ಣ ಕಾಕಾ ಏಳಬೇಕೆಂದಿದ್ದ, ಆದರೆ ಆಟದಲ್ಲಿ ಅವನು ಹಳ್ಳದ ನಡುವೆ ಸಿಕ್ಕಿಕೊಂಡಿದ್ದ, ತೋಳಗಾಳಿ ಹಿಂದೆಯೇ ಇತ್ತು. ಸಿದ್ರಾಮನ ಹರಳು ಆಚೆ ದಂಡೆಯಿಂದ ಹಗ್ಗ ಒಗೆಯಿತು. ಕವಡೆ ಚೆನ್ನಾಗಿ ಬಿತ್ತು. ಕಾಕಾ ಬದುಕಿದ. ಬದುಕಿದವನು ಬಾಯಿ ತಪ್ಪಿ, "ಭಾಳ ಚಲೋ ಮಾಡಿದೆಪಾ ತಮ್ಮಾ" ಅಂದ. ಆಮೇಲೆ ಎಷ್ಟು ಕೆಮ್ಮಿದರೂ ಆ ತಮ್ಮನನ್ನು ವಾಪಸು ನುಂಗಲು ಆಗಲಿಲ್ಲ.

ಇಲ್ಲಿಗೇ ಕತೆ ಮುಗಿಸಿದ್ದರೆ ನಾನು ಒಳ್ಳೆಯವನು ಅನ್ನಿಸಿಕೊಳ್ಳುತ್ತಿದ್ದೆ.

೫

ಇಷ್ಟು ದೂರ ಬಂದರೂ ಸಂಗವ್ವನ ಹೆಸರು ಬಂದಿಲ್ಲ. ಅಮಸಿದ್ದನ ಮನೆಯಲ್ಲೂ ಹಾಗೇ ಇತ್ತು. ಅವಳು ಅವನ ಹೆಂಡತಿ. ರೊಟ್ಟಿ ಬಡಿಯುತ್ತಿದ್ದಳು, ನೀರು ತರುತ್ತಿದ್ದಳು, ಜೋಳದ ಹೊಲಕ್ಕೆ ಹೋಗಿ ಬರುತ್ತಿದ್ದಳು. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು. ಅವನು ಕೇಳುತ್ತಿದ್ದದ್ದು ಉಪ್ಪು, ನೀರು, ಎಣ್ಣೆ, ಇಂಥವು.

ಹಿಂದಿನ ಚಳಿಗಾಲದಲ್ಲಿ ಅವರ ಮಗಳು ಹಾಲವ್ವ ತೀರಿಕೊಂಡಿದ್ದಳು. ಇನ್ನೂ ನಡೆಯಲು ಕಲಿಯುತ್ತಿದ್ದ ಕೂಸು. ಅಮಸಿದ್ದ ಆಗ ಹಿಂಡಿನ ಜೊತೆ ಕೃಷ್ಣೆಯ ಕಡೆ ಇದ್ದ. ಸುದ್ದಿ ಯಾರದೋ ಬಾಯಿಂದ ಯಾರದೋ ಬಾಯಿಗೆ ದಾಟುತ್ತ ಅವನನ್ನು ಮುಟ್ಟುವ ಹೊತ್ತಿಗೆ ಮಣ್ಣಾಗಿ ಎಷ್ಟೋ ದಿನವಾಗಿತ್ತು. ಮನೆಗೆ ಬಂದವನಿಗೆ ಯಮನವ್ವ ಒಂದೇ ಮಾತು ಹೇಳಿದಳು: "ಒಲಿ ಆರಿತ್ತಪಾ. ಕುಳಿರವ್ವ ಬಂದು ಒಯ್ದಳು."

ಒಲೆ ನೋಡಿಕೊಳ್ಳುವುದು ಸೊಸೆಯ ಕೆಲಸ. ಮಾತು ಅಷ್ಟಕ್ಕೇ ನಿಂತಿತು. ಅಮಸಿದ್ದ ಹೆಂಡತಿಯ ಮೇಲೆ ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಲಿಲ್ಲವಲ್ಲ ಎಂದು ತನ್ನನ್ನು ತಾನು ಒಳ್ಳೆಯವನೆಂದುಕೊಂಡ. ಏನಾಯಿತು ಎಂದು ಕೇಳಿದರೆ ಸಿಟ್ಟು ಮಾಡಿದಂತೆ ಆದೀತೆಂದು ಕೇಳಲೂ ಇಲ್ಲ. ನಾಲ್ಕು ದಿನ ಕೂತು ಹಿಂಡಿಗೆ ಮರಳಿದ.

ಆಸ್ಪತ್ರೆಯಲ್ಲಿ ರಾಕ್ಷಸರನ್ನು ಒಂದೊಂದಾಗಿ ಕರೆದಾಗ ಕುಳಿರವ್ವ ಹೇಗೆ ಅಷ್ಟು ಸಲೀಸಾಗಿ ಬಂದಳು ಎಂದು ಅವನು ಯೋಚಿಸಲಿಲ್ಲ. ಅವಳಿಗೆ ಎಲ್ಲರಿಗಿಂತ ಹೆಚ್ಚು ಬಲ ಕೊಟ್ಟ. ಆರಕ್ಕೆ ಆರೂ ಕವಡೆ ಅಂಗಾತ ಬಿದ್ದರೆ ಮಾತ್ರ ಅವಳು ಸಾಯುತ್ತಾಳೆ. ಅಷ್ಟು ಮಾಡಿಟ್ಟವನಿಗೆ ಅದು ತನ್ನ ಮನೆಗೆ ಬಂದಿದ್ದ ಅದೇ ಕುಳಿರವ್ವ ಎಂದು ಹೊಳೆಯಲಿಲ್ಲವೇ ಎಂದರೆ, ಹೊಳೆಯಲಿಲ್ಲ. ಮನುಷ್ಯನ ತಲೆ ಹೀಗೂ ಇರುತ್ತದೆ.

೬

ಒಂದು ಮುಂಜಾನೆ ಆಟದಲ್ಲಿ ಭರಮಣ್ಣ ಕಾಕಾ ಒಂದು ಗುಡಿಸಲು ಕಟ್ಟಿಕೊಂಡಿದ್ದ. ಆಟದ ಹೆಂಡತಿ, ಆಟದ ಕೂಸು. ಹೊರಗೆ ಚಳಿ ಎಂದ ಅಮಸಿದ್ದ, ಒಲೆ ಕಾಯಲು ಕವಡೆ ಒಗೆ ಎಂದ. ಕಾಕಾ ಒಗೆದ. ಕವಡೆಗಳೆಲ್ಲ ಮಕಾಡೆ ಬಿದ್ದವು.

"ಒಲಿ ಆರಿತು," ಅಂದ ಅಮಸಿದ್ದ. "ಕುಳಿರವ್ವ ಬಾಗಲಕ್ಕ ಬಂದು ನಿಂತಾಳ."

"ಕೊಡಲಿ!" ಎಂದು ಕಾಕಾ ಮತ್ತೆ ಒಗೆದ. ಮತ್ತೆ ಮಕಾಡೆ. "ಹೋತಪಾ, ಕೂಸು ಹೋತು!" ಎಂದು ತೊಡೆ ತಟ್ಟಿಕೊಂಡು ನಕ್ಕ. ಎಲ್ಲರೂ ನಕ್ಕರು. "ಮನ್ಯಾಕಿ ಏನ್ ಮಾಡ್ತಿದ್ದಳೋ, ಒಂದ ಒಲಿ ಕಾಯಾಕ ಆಗಲಿಲ್ಲ ಆಕಿಗೆ?"

ಗುಡಿಯ ಪಕ್ಕದ ದಾರಿಯಲ್ಲಿ ಸಂಗವ್ವ ತಲೆಯ ಮೇಲೆ ಕೊಡ ಹೊತ್ತು ಬರುತ್ತಿದ್ದಳು. ನಿಂತಳು. ಕೊಡದ ನೀರು ತುಳುಕಿ ಕುತ್ತಿಗೆಗೆ ಇಳಿಯಿತು. ಒರೆಸಿಕೊಳ್ಳಲಿಲ್ಲ. ಹಾಗೇ ಮನೆಗೆ ನಡೆದಳು.

ನಕ್ಕವರಲ್ಲಿ ಅವಳನ್ನು ಕಂಡವನು ಸಿದ್ರಾಮ ಒಬ್ಬನೇ. ಗೆಳೆಯನ ಮಗಳು ತೀರಿದ ಸುದ್ದಿ ಆಸ್ಪತ್ರೆಯಲ್ಲೇ ಅವನ ಕಿವಿಗೆ ಬಿದ್ದಿತ್ತು. ಆಟ ಮುಗಿದು ಎಲ್ಲರೂ ಎದ್ದ ಮೇಲೆ ಅವನು ಕವಡೆಗಳನ್ನು ಒಟ್ಟು ಮಾಡುತ್ತ ಮೆಲ್ಲಗೆ ಕೇಳಿದ.

"ಅಣ್ಣಾ, ನಿಮ್ಮ ಮಗಳು ಹ್ಯಾಂಗ ಹೋದಳು?"

"ಒಲಿ ಆರಿತ್ತು, ಕುಳಿರವ್ವ..." ಎಂದು ಶುರು ಮಾಡಿದ ಅಮಸಿದ್ದ ನಡುವೆ ನಿಂತ. ಹಾಸಿದ ಕಂಬಳಿಯನ್ನು ನೋಡಿದ.

"ಅದು ಆಟದ್ದಾತು. ನಿಮ್ಮ ಮಗಳದು ಕೇಳೀನಿ."

ಅಮಸಿದ್ದ ಕಂಬಳಿಯ ಸುಕ್ಕನ್ನು ಬೆರಳಿನಿಂದ ತೀಡುತ್ತ ಅಂದ: "ಗೊತ್ತಿಲ್ಲೋ ಸಿದ್ರಾಮಾ. ನಾ ಕೇಳೇ ಇಲ್ಲ."

ಆ ದಿನ ಮನೆಯಲ್ಲಿ ಕೇಳಬೇಕೆಂದು ಹೋದ. ಸಂಗವ್ವ ರೊಟ್ಟಿ ಇಟ್ಟಳು, ಪಲ್ಯ ಇಟ್ಟಳು. ಅವನ ಬಾಯಿಂದ ಬಂದದ್ದು, "ಉಪ್ಪ ಕೊಡು."

೭

ಮರುದಿನ ಅಮಸಿದ್ದ ಗುಡಿಯ ಹಿಂದೆ ಕಂಬಳಿ ಹಾಸಿ, "ಇವತ್ತಿಂದ ಕುಳಿರವ್ವ ಇಲ್ಲ. ಆಕೀನ ಆಟದಾಗಿಂದ ತಗದೀನಿ" ಎಂದ.

"ಹಂಗ ಹ್ಯಾಂಗ ತಗೀತಿ?" ಭರಮಣ್ಣ ಕಾಕಾ ಎಗರಿಬಿದ್ದ. "ನನ್ನ ಕೂಸು ಒಯ್ದಾಳ ಆಕಿ. ನಾ ಸೇಡು ತೀರಸಬೇಕು."

"ಬ್ಯಾಡ ಅಂದ್ನೆಲ್ಲೊ ಕಾಕಾ."

"ತಗೀಬ್ಯಾಡ್ರಿ."

ದನಿ ಹಿಂದಿನಿಂದ ಬಂತು. ಸಂಗವ್ವ ನಿಂತಿದ್ದಳು. ಗಂಡಸರು ಕೂತಲ್ಲಿಗೆ ಹೆಂಗಸು ಬಂದು ನಿಲ್ಲುವುದು ಆ ಗೋಡೆಗೆ ಹೊಸದು. ಸ್ವಲ್ಪ ದೂರದಲ್ಲಿ ಬಿಸಿಲಿಗೆ ಕೂತು ಉಣ್ಣೆ ನೂಲುತ್ತಿದ್ದ ಯಮನವ್ವ ಕದಿರು ನಿಲ್ಲಿಸಿದಳು.

"ನಾ ಆಡ್ತೀನಿ," ಎಂದು ಸಂಗವ್ವ ಕಂಬಳಿಯ ಮುಂದೆ ಕೂತಳು. ಸಿದ್ರಾಮ ತನ್ನ ಮುಂದಿದ್ದ ಕವಡೆಗಳನ್ನು ಅವಳ ಕಡೆ ಸರಿಸಿದ. ಅವಳು ಒಂದು ಹರಳು ಆರಿಸಿ ಇಟ್ಟಳು. ಅದರ ಪಕ್ಕ ಇನ್ನೊಂದು, ತೀರ ಸಣ್ಣದು.

ಅಮಸಿದ್ದ ಬಡಿಗೆಯನ್ನು ಹತ್ತಿರ ಎಳೆದುಕೊಂಡ. ಆದರೆ ಈ ಆಟದಲ್ಲಿ ಹೇಳುವವನು ಕೇಳಲೇಬೇಕು.

"ಎಲ್ಲಿ ಅದೀ?"

"ಮನ್ಯಾಗ. ನಸಕಿನ್ಯಾಗ. ನಾ ಮತ್ತ ಕೂಸು, ಇಬ್ಬರ."

"ಅವ್ವ?"

"ಅತ್ತಿ ಶೇಗಾಂವಕ್ಕ, ಮಗಳ ಮನಿಗೆ ಹೋಗ್ಯಾಳ."

ಯಮನವ್ವನ ಕಡೆ ಯಾರೂ ತಿರುಗಿ ನೋಡಲಿಲ್ಲ.

"ಈಗ ನೀ ಏನ್ ಮಾಡ್ತಿ?"

"ಕೂಸಿನ ಎದಿ ಗುರುಗುರು ಅಂತೈತಿ. ಮೈ ಸುಡಾಕತೈತಿ, ಕಾಲ ಮಾತ್ರ ಥಣ್ಣಗ. ಒಲಿ ಆರೈತಿ. ಇಬ್ಬನಿ ಬಿದ್ದು ಶೆಗಣಿ ಕುಳ್ಳು ಹಸಿ ಆಗ್ಯಾವು, ಕಡ್ಡಿಪೆಟ್ಟಗಿ ಥಂಡಿ ಹಿಡದೈತಿ. ಗೀರಿ ಗೀರಿ ಎಲ್ಲಾ ಕಡ್ಡಿ ತೀರಿದೂವು." ಅವಳು ಅಂಗೈ ನೋಡುತ್ತ ಹೇಳುತ್ತಿದ್ದಳು. "ಮಗ್ಗಲಮನಿಗೆ ಕೆಂಡ ತರಾಕ ಹೋಗ್ತೀನಿ."

"ಕೂಸಿನ್ನ?"

"ಹೊರಗ ಗಾಳಿ ಐತ್ರಿ. ನಿಮ್ಮ ಕಂಬಳ್ಯಾಗ ಸುತ್ತಿ ಮಲಗಸ್ತೀನಿ. ಬಾಗಲ ಎಳಕೋತೀನಿ."

"ಆಮ್ಯಾಲ?"

"ಮಗ್ಗಲಮನಿ ದುಂಡವ್ವ ಇನ್ನಾ ಒಲಿ ಹಚ್ಚಿಲ್ಲ. ಮುಂದಿನ ಮನಿಗೆ ಓಡ್ತೀನಿ. ಅವರು ಹಂಚಿನ ಚೂರಿನ್ಯಾಗ ಕೆಂಡ ಹಾಕಿ ಕೊಡ್ತಾರ. ಹಂಚು ಕಾಯತೈತಿ, ಕೈ ಸುಡತೈತಿ. ಬಿಡೂದಿಲ್ಲ ನಾ. ಓಡಿ ಬರ್ತೀನಿ."

ಅವಳ ಬಲಗೈಯ ಸುಟ್ಟ ಕಲೆಯನ್ನು ಅಮಸಿದ್ದ ಕಂಡಿದ್ದ. ರೊಟ್ಟಿ ಬಡಿಯುವವರ ಕೈ, ಹಂಚು ತಾಗಿದ್ದೀತು ಎಂದುಕೊಂಡಿದ್ದ.

"ಬಂದೆ. ಬಾಗಲ ತಗದೆ." ಸಂಗವ್ವ ತಲೆ ಎತ್ತಿದಳು. "ಒಳಗ ಏನೈತಿ, ಹೇಳ್ರಿ."

ಒಳಗೆ ಏನಿದೆ ಎಂದು ಹೇಳಬೇಕಾದವನು ಅವನೇ. ಅದು ಆಟದ ಕಾಯಿದೆ. ಭರಮಣ್ಣ ಕಾಕಾನ ಮೀಸೆಯೂ ಅಲ್ಲಾಡಲಿಲ್ಲ.

(ನಾನು ಬರೆದಿಟ್ಟುಕೊಂಡಿದ್ದು ಹೀಗೆ: ಅಮಸಿದ್ದ ಕುಳಿರವ್ವನನ್ನು ಇಲ್ಲವಾಗಿಸುತ್ತಾನೆ, ಜಡ್ಡು ಅನ್ನುತ್ತಾನೆ, ಸಂಗವ್ವನ ತಪ್ಪೇನೂ ಇಲ್ಲವೆಂದು ಎಲ್ಲರೆದುರು ಹೇಳುತ್ತಾನೆ, ಸಂಗವ್ವ ಹಗುರಾಗಿ ಅಳುತ್ತಾಳೆ. ಬುದ್ಧಿಯೂ ಉಂಟು, ಕರುಣೆಯೂ ಉಂಟು. ಬಹುಮಾನ ಬರುವಂಥ ಅಂತ್ಯ.)

"ಒಳಗ ಯಾರೂ ಇಲ್ಲ," ಅಂದ ಅಮಸಿದ್ದ. "ಕುಳಿರವ್ವ ಬಂದೇ ಇಲ್ಲ ಸಂಗವ್ವಾ. ಕೂಸಿಗೆ ಎದಿ ಜಡ್ಡಿತ್ತು. ಜಡ್ಡಿನಿಂದ ಹೋತು. ನೀ ಕೆಂಡ ತಂದಿದ್ದಿ. ನಿನ್ನ ಕಡಿಂದ ಏನೂ ತಪ್ಪಿಲ್ಲ."

ಸಂಗವ್ವ ಅಳಲಿಲ್ಲ. ತಲೆ ಅಲ್ಲಾಡಿಸಿದಳು. ಅಲ್ಲ, ಅಲ್ಲ ಎಂದು.

"ಆಕಿ ಇದ್ದಳ್ರಿ."

"ಇಲ್ಲ ಸಂಗವ್ವಾ..."

"ಇದ್ದಳು ಅಂತ ಹೇಳ್ರಿ." ಅವಳ ದನಿ ಮೊದಲ ಬಾರಿ ಏರಿತು. "ಯಾರೂ ಇರಲಿಲ್ಲಂದ್ರ ನನ್ನ ಕೂಸು ಒಬ್ಬಾಕೀನ ಹೋದಂಗಾತಲ್ಲ. ನಾನೂ ಇದ್ದಿಲ್ಲ, ನೀವೂ ಇದ್ದಿಲ್ಲ, ಅತ್ತೀನೂ ಇದ್ದಿಲ್ಲ. ಕತ್ತಲ ಮನ್ಯಾಗ ಒಬ್ಬಾಕಿ. ವರ್ಷಾತು, ದಿನಾ ಅದನ್ನ ನೆನೀತೀನಿ. ಆಕಿನರ ಇದ್ದಳು ಅಂತ ಹೇಳ್ರಿ."

ಅಮಸಿದ್ದನಿಗೆ ಆಗ ತಿಳಿಯಿತು. (ನನಗೂ ಆಗಲೇ.) ಊರೆಲ್ಲ ಯಾವ ಮಾತಿನಿಂದ ಇವಳನ್ನು ಚುಚ್ಚಿತ್ತೋ ಅದೇ ಮಾತನ್ನು ಇವಳು ಎದೆಗೆ ಅಪ್ಪಿಕೊಂಡು ಬದುಕಿದ್ದಳು. ತಾನು ಈಗ ಅದನ್ನೂ ಕಿತ್ತುಕೊಳ್ಳಲು ಹೊರಟಿದ್ದ, ಅದೂ ಕನಿಕರದಿಂದ.

ಅವನು ಕಂಬಳಿಯ ಮೇಲೆ ಇನ್ನೊಂದು ಹರಳು ಇಟ್ಟ. ಬಿಳಿಯದು. ಸಣ್ಣ ಹರಳಿಗೆ ತಾಗಿಸಿ ಇಟ್ಟ.

"ಬಾಗಲ ತಗದಿ," ಅಂದ. "ಒಳಗ ಕುಳಿರವ್ವ ಕುಂತಾಳ. ಕೂಸಿನ್ನ ತೊಡಿ ಮ್ಯಾಲ ಹಾಕ್ಕೊಂಡಾಳ. ಕಂಬಳಿ ಸರದಿತ್ತು, ಹೊಚ್ಯಾಳ."

"ಕೂಸು ಅಳತಿತ್ತೇನ್ರಿ?"

"ಇಲ್ಲ. ಆಕಿ ತಟ್ಟಾಕತ್ತಿದ್ದಳು."

"ಹಾಲವ್ವ ಏನರ ಅಂದಳ, ಹೋಗೂ ಮುಂದ?"

ಅವನು ಬಾಯಿ ತೆರೆದ. ಅಷ್ಟರಲ್ಲಿ ಬೇರೆ ದನಿ ಬಂತು. ಯಮನವ್ವ ಕದಿರು ನೆಲಕ್ಕಿಟ್ಟು ಎದ್ದು ಬಂದಿದ್ದಳು. ಮೊಣಕಾಲು ಹಿಡಿದುಕೊಂಡು ಸೊಸೆಯ ಪಕ್ಕ ಕೂತಳು.

"ಅವ್ವಾ ಅಂದಳು," ಅಂದಳು ಯಮನವ್ವ. "ಕೆಂಡ ತರಾಕ ಹೋಗ್ಯಾಳ ನಿನ್ನವ್ವ, ಬರ್ತಾಳ ತಡಿ, ಅಂತ ಕುಳಿರವ್ವ ಹೇಳಿದಳು." ಮುದುಕಿ ಸೊಸೆಯ ಸುಟ್ಟ ಅಂಗೈ ಹಿಡಿದುಕೊಂಡಳು. "ನಾ ಶೇಗಾಂವಕ್ಕ ಹೋಗಬಾರದಿತ್ತು ಸಂಗೀ. ಕೂಸಿಗೆ ಕೆಮ್ಮ ಇತ್ತು, ಗೊತ್ತಿದ್ದೂ ಹೋದೆ. ಹೋದಾಕಿ ನಾ. ನನ್ನ ತಪ್ಪ ಒಲಿ ಮ್ಯಾಲ ಹಾಕಿದೆ."

ಸಂಗವ್ವ ಅತ್ತದ್ದು ಆಗ. ಅತ್ತೆಯ ತೊಡೆಯ ಮೇಲೆ ತಲೆ ಇಟ್ಟು, ಗಂಡಸರಿದ್ದಾರೆ ಎನ್ನುವುದನ್ನೂ ಮರೆತು, ದನಿ ತೆಗೆದು ಅತ್ತಳು. ಗಂಡಸರು ಒಬ್ಬೊಬ್ಬರಾಗಿ ಎದ್ದು ಗುಡಿಯ ಮುಂದಕ್ಕೆ ಹೋದರು. ಭರಮಣ್ಣ ಕಾಕಾ ಹೋಗುವಾಗ ತನ್ನ ರುಮಾಲಿನ ಚುಂಗಿನಿಂದ ಮೂಗು ಒರೆಸಿಕೊಂಡ. (ಇದನ್ನು ಬರೆಯಬೇಡ ಅಂದಿದ್ದಾನೆ.) ಅಮಸಿದ್ದನೂ ಏಳಲು ಬಡಿಗೆಗೆ ಕೈ ಹಾಕಿದ. ಸಂಗವ್ವ ಮುಖ ಎತ್ತದೆಯೇ ಅವನ ಪಂಚೆಯ ಅಂಚು ಹಿಡಿದುಕೊಂಡಳು. ಕೂತ.

೮

ಕುಳಿರವ್ವ ಆಟದಲ್ಲಿ ಉಳಿದಳು. ಅಮಸಿದ್ದ ಅವಳ ಬಲ ಮಾತ್ರ ತೆಗೆದುಹಾಕಿದ. ಅದರ ಬಗ್ಗೆ ಗುಡಿಯ ಹಿಂದೆ ದೊಡ್ಡ ಚರ್ಚೆಯಾಯಿತು.

"ಬಲ ಇಲ್ಲದ್ದು ಎಂಥಾ ರಾಕ್ಷಸಿ?" ಎಂದ ಭರಮಣ್ಣ ಕಾಕಾ. "ಹೊಡ್ಯಾಕ ಬರೂದಿಲ್ಲಂದ್ರ ನಾ ಏನ್ ಮಾಡ್ಲಿ?"

"ಒಳಗ ಬರ್ರಿ, ಕುಂದ್ರಿ ಅಂತ ಅನ್ನು," ಎಂದ ಸಿದ್ರಾಮ. "ನಿನ್ನ ಬಾಯಾಗ ಆ ಮಾತ ಬರ್ತೈತೋ ಇಲ್ಲೋ, ಅದಕ್ಕ ಕವಡಿ ಒಗಿ."

ಕಾಕಾ ಒಗೆದ. ಸೋತ. ಮತ್ತೆ ಒಗೆದ.

೯ (ಅಂತ್ಯಗಳು. ಯಾವುದೂ ಹಿಡಿಸಲಿಲ್ಲ, ನೋಡಿ.)

ಅ. ಮುಂದಿನ ವರ್ಷ ಅವರಿಗೆ ಇನ್ನೊಂದು ಹೆಣ್ಣು ಕೂಸು ಹುಟ್ಟುತ್ತದೆ. ಇದನ್ನು ಬರೆದು ಮುಗಿಸುವುದರೊಳಗೆ ಸಂಗವ್ವ ಬಂದು ನಿಂತಳು. "ಒಂದರ ಬದ್ಲಿ ಇನ್ನೊಂದೇನ್ರಿ? ಮರಿ ವ್ಯಾಪಾರ ಮಾಡೀರೇನ?" ಹೊಡೆದು ಹಾಕಿದೆ.

ಆ. ಹಳದಿ ಹುಡುಗ ಅಮೆರಿಕಕ್ಕೆ ಹೋಗಿ ಕುಳಿರವ್ವನನ್ನು ತನ್ನ ಆಟದಲ್ಲಿ ಸೇರಿಸುತ್ತಾನೆ. ಬಣ್ಣದ ಚಿತ್ರ, ಕೆಂಪು ಕಣ್ಣು, ಉದ್ದನೆಯ ಉಗುರು, ಬಲ ಇಷ್ಟು, ಕೊಂದರೆ ಬಹುಮಾನ ಇಷ್ಟು. ಆಗಿರಲೂಬಹುದು. ಆದರೆ ಅವನು ಕುಳಿರವ್ವನ ಹೆಸರು ಕೇಳಿರಲೇ ಇಲ್ಲ. ಅಮಸಿದ್ದನಿಗೆ ಉತ್ತರ ಹೊಳೆಯುವ ಮೊದಲೇ ಅವನು ಕಾಮಾಲೆ ಇಳಿದು, ಆಸ್ಪತ್ರೆ ಬಿಟ್ಟು ಹೋಗಿದ್ದ.

ಇ. ಸೊರಡಿಯಲ್ಲಿ ಎಲ್ಲರೂ ಒಂದೇ ಕಂಬಳಿಯ ಮೇಲೆ ಕೂತರು. ಸುಳ್ಳು. ಅಂದು ಎದ್ದು ಹೋದ ಇಬ್ಬರು ಮತ್ತೆ ಬರಲೇ ಇಲ್ಲ. ಕೆರೆ ಕೆಲಸ ಮುಗಿದ ಮೇಲೆ ಸಿದ್ರಾಮ ಡಫಳಾಪುರಕ್ಕೆ ಹೊರಟಾಗ ಭರಮಣ್ಣ ಕಾಕಾ ಬಸ್ಸಿನವರೆಗೆ ಹೋಗಿ ಬಂದ. ಅಷ್ಟು ಮಾತ್ರ ನಿಜ.

ಈ. ಅಮಸಿದ್ದ ಮತ್ತು ಸಂಗವ್ವ ಸುಖವಾಗಿದ್ದರು. ಈ ವಾಕ್ಯ ಬರೆಯಲು ನನಗೆ ನಾಚಿಕೆ.

೧೦

ಹಾಗಾದರೆ ಏನಾಯಿತು ಎಂದು ಕೇಳುವ ಹಕ್ಕು ನಿಮಗಿದೆ. ನನಗೆ ಗೊತ್ತಿರುವುದು ಇಷ್ಟು.

ಕೆಲವು ದಿನಗಳ ನಂತರ, ಶೇಗಾಂವದ ಸಂತೆಯ ದಿನ, ಬೆಳಿಗ್ಗೆ ಅಮಸಿದ್ದ ಸಂತೆಗೆ ಹೊರಟ. ಮುಂಚೆಯೆಲ್ಲ ಅವನು ಮುಂದೆ, ಹೆಂಡತಿ ನಾಲ್ಕು ಮಾರು ಹಿಂದೆ. ಈಗ ಕಾಲು ಗಿಡ್ಡ, ಬಡಿಗೆ ಬೇರೆ. ಅವನಿಗೆ ಬೇಗ ನಡೆಯಲಾಗುವುದಿಲ್ಲ. ಸಂಗವ್ವ ಬುಟ್ಟಿ ಹೊತ್ತು ಬಂದವಳು ಸ್ವಲ್ಪ ಹೊತ್ತಿನಲ್ಲೇ ಅವನನ್ನು ಸೇರಿಕೊಂಡಳು. ಹಿಂದೆ ಬೀಳಲು ನೋಡಿದಳು, ಆದರೆ ಅಷ್ಟು ಮೆಲ್ಲಗೆ ನಡೆಯುವುದು ಅವಳಿಂದ ಸಾಧ್ಯವಾಗಲಿಲ್ಲ. ಜೊತೆಗೇ ನಡೆದಳು.

ಊರಿನ ಕೊನೆಯ ಮನೆ ದಾಟಿದ ಮೇಲೆ ಅಮಸಿದ್ದ ಕೇಳಿದ:

"ಹಾಲವ್ವಗ ಮೊದಲನೇ ಹಲ್ಲು ಯಾವಾಗ ಬಂತು? ನಾ ಇದ್ದಿಲ್ಲಲ್ಲ ಆಗ."

ಸಂಗವ್ವ ನಿಂತಳು. ಬುಟ್ಟಿಯನ್ನು ತಲೆಯಿಂದ ಸೊಂಟಕ್ಕೆ ಇಳಿಸಿಕೊಂಡಳು. ಇನ್ನೊಂದು ಕೈಯಲ್ಲಿ ಏನೋ ತೋರಿಸುತ್ತ ಹೇಳಲು ಶುರು ಮಾಡಿದಳು. ಇಷ್ಟು ಎತ್ತರ, ಹೀಗೆ ಕಚ್ಚುವುದು, ಹೀಗೆ ನಗುವುದು ಇದ್ದೀತು. ಅವನೂ ಏನೋ ಕೇಳಿದ. ಅವಳು ನಕ್ಕಂತೆ ಕಂಡಿತು, ಅತ್ತದ್ದೂ ಇರಬಹುದು. ಮತ್ತೆ ನಡೆದರು.

ಎರಡೂ ಬದಿ ಜೋಳದ ಹೊಲ. ಗಾಳಿ ಈ ಕಡೆಯಿಂದ ಆ ಕಡೆಗೇ ಬೀಸುತ್ತಿದೆ. ನಾನು ಊರ ಅಂಚಿನಲ್ಲಿ ನಿಂತು ಕಿವಿಗೊಟ್ಟಿದ್ದೇನೆ, ಕೇಳಿಸುತ್ತಿಲ್ಲ. ಕೇಳಿಸಿದಂತೆ ಬರೆಯುವುದು ನನಗೆ ಕಷ್ಟವೇನಲ್ಲ. ಎರಡು ಹೆಜ್ಜೆ ಮುಂದೆ ಹೋದರೂ ಸಾಕು.

ಹೋಗುವುದಿಲ್ಲ. ಶೇಗಾಂವ ಇನ್ನೂ ದೂರವಿದೆ, ಅವರ ಮಾತು ಈಗಷ್ಟೇ ಹಲ್ಲಿನವರೆಗೆ ಬಂದಿದೆ